ಒಡೆಯದೆ ಕಂಡ ಕಲ್ಲೊಳಗು

ಮಧ್ಯಪ್ರದೇಶದ ಸೋನ್ ನದಿ ಕಣಿವೆಯಲ್ಲಿ, ವಿಂಧ್ಯದ ಕೆಳಪದರಗಳ ನಡುವೆ, ಚೋರ್ಹಟ್ ಎಂಬ ಮರಳುಗಲ್ಲಿನ ಪದರವಿದೆ. ಒಂದು ಕಾಲಕ್ಕೆ ಅದು ಆಳವಿಲ್ಲದ ಕಡಲಿನ ತಳ. ಅಲೆ ಎಳೆದ ಗೆರೆಗಳು ಇವತ್ತಿಗೂ ಅದರ ಮೈಮೇಲೆ ಉಳಿದಿವೆ. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಈ ಕಲ್ಲನ್ನು ದಶಕಗಳ ಕಾಲ ಓದಿದ್ದಾರೆ. ಅವರಲ್ಲಿ ಒಬ್ಬರಾದ ಪ್ರದೀಪ್ ಕೆ. ಬೋಸ್ 1998ರ ಅಕ್ಟೋಬರ್‌ನಲ್ಲಿ ಜರ್ಮನಿಯ ಅಡಾಲ್ಫ್ ಝೈಲಾಕರ್ ಮತ್ತು ಫ್ರೀಡ್ರಿಕ್ ಫ್ಲ್ಯೂಗರ್ ಅವರೊಂದಿಗೆ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಚೋರ್ಹಟ್ ಕಲ್ಲಿನ ಮೇಲೆ ಅಂಕುಡೊಂಕಾಗಿ ಹರಿದಿರುವ, ಕೆಲವೇ ಮಿಲಿಮೀಟರ್ ಅಗಲದ ಉಬ್ಬುಗೆರೆಗಳು ಹುಳುಗಳು ಕೊರೆದ ಬಿಲಗಳು ಎಂದು ಅದರಲ್ಲಿ ವಾದಿಸಿದ್ದರು. ಕಲ್ಲಿನ ವಯಸ್ಸು 110 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದರು.

ಜಗತ್ತು ಬೆಚ್ಚಿದ್ದು ಆ ಸಂಖ್ಯೆಗೆ. ಪ್ರಾಣಿಗಳ ಪಳೆಯುಳಿಕೆಗಳು ಎಲ್ಲೆಡೆ ಯಥೇಚ್ಛವಾಗಿ ಸಿಗುವುದು ಸುಮಾರು 54 ಕೋಟಿ ವರ್ಷಗಳ ಹಿಂದೆ ಶುರುವಾದ ಕೇಂಬ್ರಿಯನ್ ಯುಗದಿಂದ ಈಚೆಗೆ. ಅದಕ್ಕೂ ಮೊದಲಿನ ಎಡಿಯಾಕರನ್ ಜೀವಿಗಳನ್ನು ಸೇರಿಸಿಕೊಂಡರೂ ಲೆಕ್ಕ ಅರುವತ್ತು ಕೋಟಿ ವರ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹುಳು ನೆಲ ಕೊರೆಯಬೇಕಾದರೆ ಅದಕ್ಕೆ ಸ್ನಾಯು ಬೇಕು, ದ್ರವ ತುಂಬಿದ ಮೈ ಬೇಕು. ಅಂಥ ಮೈ ಅಷ್ಟು ಹಿಂದೆಯೇ ರೂಪುಗೊಂಡಿತ್ತು ಎಂದಾದರೆ ಪ್ರಾಣಿವಂಶದ ಚರಿತ್ರೆ ಒಮ್ಮೆಗೇ ಎರಡು ಪಟ್ಟು ಉದ್ದವಾಗುತ್ತದೆ.

ಅದೇ ವರ್ಷ ಇನ್ನೊಂದು ಸುದ್ದಿಯೂ ಬಂತು, ಅದು ಬಂದದ್ದು ನಮ್ಮ ಬೆಂಗಳೂರಿನಿಂದ. ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆ ಆಗ ಬೆಂಗಳೂರಿನಲ್ಲೇ ಅಚ್ಚಾಗುತ್ತಿತ್ತು. ಬಿ. ಪಿ. ರಾಧಾಕೃಷ್ಣ ಅವರು ದೀರ್ಘಕಾಲ ಅದರ ಸಂಪಾದಕರಾಗಿದ್ದು, ಅದಕ್ಕೆ ಅಂತರರಾಷ್ಟ್ರೀಯ ಹೆಸರು ತಂದವರು. ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ರಫತ್ ಆಜ್ಮಿ ಆ ಪತ್ರಿಕೆಯಲ್ಲಿ ವಿಂಧ್ಯದ ಕೆಳಪದರಗಳಿಂದ ಕೇಂಬ್ರಿಯನ್ ಯುಗದ ಪುಟ್ಟ ಚಿಪ್ಪುಗಳ ಪಳೆಯುಳಿಕೆಗಳು ಸಿಕ್ಕಿವೆ ಎಂದು ವರದಿ ಮಾಡಿದರು. ಇದು ಉಲ್ಟಾ ದಿಕ್ಕಿನ ಮಾತು. ಚಿಪ್ಪುಗಳು ನಿಜವಾದರೆ ಕಲ್ಲಿನ ವಯಸ್ಸು ಐವತ್ತನಾಲ್ಕು ಕೋಟಿಯ ಆಸುಪಾಸು. ಆಗ ಚೋರ್ಹಟ್‌ನ ಹುಳುಗಳಲ್ಲಿ ಆಶ್ಚರ್ಯಪಡುವಂಥದ್ದು ಏನೂ ಉಳಿಯುವುದಿಲ್ಲ. ಒಂದೇ ಬೆಟ್ಟಸಾಲಿನ ಬಗ್ಗೆ, ಒಂದೇ ವರ್ಷ, ಎರಡು ವರದಿಗಳು, ನಡುವೆ ಐವತ್ತು ಕೋಟಿ ವರ್ಷಕ್ಕೂ ಮೀರಿದ ಅಂತರ.

ವಾದ ಬಿಸಿಯೇರಿತು. ಭಾರತದ ಪಳೆಯುಳಿಕೆ ಸಂಶೋಧನೆ ಅದಾಗಲೇ ಒಂದು ಗಾಯದಿಂದ ಚೇತರಿಸಿಕೊಳ್ಳುತ್ತಿತ್ತು. 1989ರಲ್ಲಿ ಹಿಮಾಲಯದ ಪಳೆಯುಳಿಕೆಗಳ ಹೆಸರಿನಲ್ಲಿ ಬೇರೆ ದೇಶದ ಮಾದರಿಗಳನ್ನು ತೋರಿಸಿದ ಹಗರಣವೊಂದು ಹೊರಬಿದ್ದಿತ್ತು. ಹಾಗಾಗಿ ಆಜ್ಮಿಯವರ ಚಿಪ್ಪುಗಳು ನಿಜಕ್ಕೂ ಆ ಕಲ್ಲಿನವೇ, ಅಥವಾ ಪಳೆಯುಳಿಕೆಗಳೇ ಅಲ್ಲವೇ ಎಂಬ ಸಂಶಯ ಹಲವರನ್ನು ಕಾಡಿತು. ಸಂಶಯಪಟ್ಟವರನ್ನು ನಾನು ದೂರುವುದಿಲ್ಲ. ಆದರೆ ಸಂಶಯ ಬಗೆಹರಿಸುವ ದಾರಿ ಬೇಕಿತ್ತು. ಆ ದಾರಿ ತೆರೆದದ್ದು ಎರಡು ಕಡೆಯಿಂದ: ಕಲ್ಲಿನ ವಯಸ್ಸನ್ನು ನೇರವಾಗಿ ಅಳೆಯುವುದು, ಕಲ್ಲನ್ನು ಒಡೆಯದೆ ಅದರ ಒಳಗನ್ನು ನೋಡುವುದು.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಂಧ್ಯದ ಪದರಗಳ ನಡುವೆ ಅಲ್ಲಲ್ಲಿ ಜ್ವಾಲಾಮುಖಿಯ ಬೂದಿ ಕೂತಿದೆ. ಆ ಬೂದಿಯಲ್ಲಿ ಜಿರ್ಕಾನ್ ಎಂಬ ಗಟ್ಟಿ ಹರಳುಗಳಿವೆ. ಅವುಗಳಲ್ಲಿರುವ ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ, ಆದ್ದರಿಂದ ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. 2002ರಲ್ಲಿ ಎರಡು ಬೇರೆ ಬೇರೆ ತಂಡಗಳು ಹೀಗೆ ಅಳೆದು ಸುಮಾರು 160 ಕೋಟಿ ವರ್ಷ ಎಂದವು. ಅವುಗಳಲ್ಲಿ ಒಂದು ತಂಡದಲ್ಲಿ ಆಸ್ಟ್ರೇಲಿಯಾದ ಬರ್ಗರ್ ರಾಸ್ಮುಸೆನ್ ಜೊತೆ ಜಾದವ್‌ಪುರದ ಪ್ರದೀಪ್ ಬೋಸ್ ಮತ್ತು ಸುಬೀರ್ ಸರ್ಕಾರ್ ಇದ್ದರು. ತಾವೇ ಹಿಂದೆ 110 ಕೋಟಿ ಎಂದಿದ್ದ ಕಲ್ಲನ್ನು ಬೋಸ್ ತಮ್ಮ ಕೈಯಾರೆ ಇನ್ನೂ ಐವತ್ತು ಕೋಟಿ ವರ್ಷ ಹಿಂದಕ್ಕೆ ತಳ್ಳಿದರು. ಅದರಿಂದ ಅವರ ಹುಳುಗಳ ವಾದವನ್ನು ನಂಬುವುದು ಇನ್ನಷ್ಟು ಕಷ್ಟವಾಯಿತು. ಅಳತೆ ಹೇಳಿದ್ದನ್ನು ಹಾಗೇ ಅಚ್ಚು ಹಾಕಿಸಿದ ಈ ನಡೆ ನನ್ನ ಪಾಲಿಗೆ ಇಡೀ ಕಥೆಯ ಅತ್ಯಂತ ಗೌರವದ ಘಟ್ಟ.

ಇನ್ನು ಒಳಗನ್ನು ನೋಡುವ ಮಾತು. ಇದನ್ನು ನಿಧಾನವಾಗಿ ಹೇಳಬೇಕು.

ಹಲಸಿನ ಹಣ್ಣು ಕಳಿತಿದೆಯೋ ಇಲ್ಲವೋ ಎಂದು ನಮ್ಮ ಹಿರಿಯರು ತಟ್ಟಿ ನೋಡುತ್ತಾರೆ, ಸದ್ದಿನಿಂದಲೇ ಒಳಗಿನ ಸ್ಥಿತಿ ಹೇಳುತ್ತಾರೆ. ಕೊಯ್ದು ನೋಡಿದರೆ ಖಚಿತ, ಆದರೆ ಕೊಯ್ದ ಮೇಲೆ ಹಣ್ಣು ಕೊಯ್ದದ್ದೇ. ಪಳೆಯುಳಿಕೆ ವಿಜ್ಞಾನಿಯ ಇಕ್ಕಟ್ಟೂ ಇದೇ ಆಗಿತ್ತು, ಅದೂ ನೂರು ವರ್ಷಗಳ ಕಾಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಲಿಯಂ ಸೊಲ್ಲಾಸ್ ಒಂದು ಯಂತ್ರ ಮಾಡಿಸಿದರು. ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುವ ಹಾಗೆ ಅದು ಪಳೆಯುಳಿಕೆಯನ್ನು ಸ್ವಲ್ಪ ಸ್ವಲ್ಪವೇ ತೇಯುತ್ತಿತ್ತು. ಪ್ರತಿ ಸಲ ತೇಯ್ದಾಗಲೂ ಕಾಣುವ ಹೊಸ ಮೈಯನ್ನು ಚಿತ್ರಿಸಿ, ಆ ಚಿತ್ರಗಳ ಆಕಾರಕ್ಕೆ ಮೇಣದ ಹಾಳೆಗಳನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಪ್ರಾಣಿಯ ಒಳರೂಪ ದೊಡ್ಡದಾಗಿ ಮೂಡುತ್ತಿತ್ತು. ಸ್ವೀಡನ್ನಿನ ಎರಿಕ್ ಸ್ಟೆನ್ಶಿಯೊ ಇದೇ ಬಗೆಯಲ್ಲಿ ದವಡೆಯಿಲ್ಲದ ಪ್ರಾಚೀನ ಮೀನುಗಳ ತಲೆಯೊಳಗಿನ ನರಗಳ ದಾರಿಯನ್ನೇ ಬಿಡಿಸಿಟ್ಟರು. ಅಮೋಘ ಕೆಲಸ. ಆದರೆ ಕೊನೆಗೆ ಉಳಿಯುವುದು ಮೇಣದ ಗೊಂಬೆ ಮತ್ತು ಕಲ್ಲಿನ ಪುಡಿ. ಗೊಂಬೆಯಲ್ಲಿ ತಪ್ಪಿದೆಯೇ ಎಂದು ಮೂಲವನ್ನು ಮತ್ತೆ ಕೇಳುವ ಹಾಗಿಲ್ಲ.

ಇನ್ನೊಂದು ದಾರಿ ತೆಳುಛೇದ. ಕಲ್ಲನ್ನು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳುವಾಗುವವರೆಗೆ ಉಜ್ಜಿದರೆ ಅದರೊಳಗೆ ಬೆಳಕು ಹಾಯುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಈ ವಿದ್ಯೆಯಲ್ಲಿ ಪಳಗಿದವರು. ತಿರುಚಿನಾಪಳ್ಳಿ ಸೀಮೆಯ ನಿನಿಯೂರು ಪದರಗಳಲ್ಲಿನ ಕಡಲ ಪಾಚಿಗಳ ಪಳೆಯುಳಿಕೆಗಳ ಬಗ್ಗೆ ಅವರು ಆಸ್ಟ್ರಿಯಾದ ಜೂಲಿಯಸ್ ಪಿಯಾ ಜೊತೆ ಸೇರಿ ಬರೆದ ಗ್ರಂಥ 1936ರಲ್ಲಿ ಪ್ರಕಟವಾಯಿತು. ಕಲ್ಲಿನೊಳಗಿನ ಪಾಚಿ ಓದುವ ಪಾಠ ಕರ್ನಾಟಕಕ್ಕೆ ಹೊಸದಲ್ಲ ಎಂದು ನೆನಪಿಸಲು ಇದನ್ನು ಹೇಳಿದೆ.

ತೆಳುಛೇದದ ತೊಂದರೆ ಅಡುಗೆಮನೆಯಲ್ಲಿ ನಿಂತ ಯಾರಿಗೂ ಗೊತ್ತು. ಬೆಂಡೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದರೆ ಐದು ಮೂಲೆಯ ನಕ್ಷತ್ರ, ಉದ್ದಕ್ಕೆ ಸೀಳಿದರೆ ಬೀಜದ ಸಾಲು, ಓರೆಯಾಗಿ ಕೊಯ್ದರೆ ಎರಡೂ ಅಲ್ಲದ ಒಂದು ಆಕಾರ. ಬೆಂಡೆಕಾಯಿಯನ್ನೇ ಕಾಣದವನಿಗೆ ಈ ಮೂರೂ ಒಂದೇ ಕಾಯಿಯ ಚೂರುಗಳೆಂದು ತಿಳಿಯುವುದು ಹೇಗೆ? ನೂರಾರು ಕೋಟಿ ವರ್ಷ ಹಿಂದಿನ ಜೀವಿಯ ಮುಂದೆ ನಾವೆಲ್ಲ ಬೆಂಡೆಕಾಯಿ ಕಾಣದವರೇ. ತೆಳುಛೇದದಲ್ಲಿ ಒಂದು ಉಂಗುರ ಕಂಡರೆ ಅದು ಟೊಳ್ಳು ಚೆಂಡಿನದೂ ಇರಬಹುದು, ಕೊಳವೆಯದೂ ಇರಬಹುದು.

ಎಕ್ಸ್‌ರೇ ಬಂದ ಮೇಲೆ ಕತ್ತರಿಸದೆ ನೋಡುವ ಆಸೆ ಹುಟ್ಟಿತು. ಆದರೆ ಎಕ್ಸ್‌ರೇ ಚಿತ್ರ ನೆರಳು ಮಾತ್ರ. ಮುಂದಿನದು ಹಿಂದಿನದು ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. ಅನೇಕ ದಿಕ್ಕುಗಳಿಂದ ನೆರಳು ಹಿಡಿದರೆ ವಸ್ತುವಿನ ಒಳಗನ್ನು ಲೆಕ್ಕದಿಂದ ಮರಳಿ ಕಟ್ಟಬಹುದು ಎಂದು ಯೊಹಾನ್ ರಾಡೊನ್ ಎಂಬ ಆಸ್ಟ್ರಿಯಾದ ಗಣಿತಜ್ಞ 1917ರಲ್ಲೇ ತೋರಿಸಿದ್ದರು. ಅದನ್ನು ಯಂತ್ರವಾಗಿಸಿದವರು ಗಾಡ್‌ಫ್ರಿ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಸಿ.ಟಿ. ಚಿತ್ರ ಸಿಕ್ಕಿತು.

ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ನೆರಳುಗಳಿಂದ ಮೂರು ಆಯಾಮದ ರೂಪವನ್ನು ಮರಳಿ ಕಟ್ಟಲು ಅಲ್ಲಿಯವರೆಗೆ ಬಳಸುತ್ತಿದ್ದ ಬಳಸುದಾರಿಯ ಗಣಿತಕ್ಕೆ ಬದಲಾಗಿ, ಚುರುಕಾದ ನೇರ ದಾರಿಯೊಂದನ್ನು ಅದು ತೋರಿಸಿತು. ಅದರ ಒಳತಿರುಳು ಹೀಗಿದೆ. ಒಂದು ಚುಕ್ಕಿಯ ಮೂಲಕ ಹಾಯುವಂತೆ ರಂಗೋಲಿ ಪುಡಿಯಲ್ಲಿ ಎಲ್ಲ ದಿಕ್ಕಿಗೂ ಗೆರೆ ಎಳೆಯಿರಿ. ಗೆರೆಗಳೆಲ್ಲ ಕೂಡುವ ಚುಕ್ಕಿಯಲ್ಲಿ ಪುಡಿ ಗುಡ್ಡೆಯಾಗುತ್ತದೆ, ನಿಜ. ಆದರೆ ಸುತ್ತಲೂ ಗೆರೆಗಳ ಪುಡಿ ಹರಡಿಕೊಂಡಿರುತ್ತದೆ, ಚುಕ್ಕಿಯ ಅಂಚು ಮಸುಕಾಗುತ್ತದೆ. ನೆರಳನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿದರೆ ಆಗುವುದೂ ಇದೇ. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಹೇಳಿದ್ದು: ಹರಡುವ ಮೊದಲೇ ಪ್ರತಿ ನೆರಳಿನ ಎರಡೂ ಪಕ್ಕದಲ್ಲಿ ಇಂತಿಷ್ಟು ಎಂದು ಕಳೆಯಿರಿ. ಹಾಗೆ ಕಳೆದದ್ದು ಬೇರೆ ದಿಕ್ಕಿನಿಂದ ಬಂದ ಅನಗತ್ಯ ಪುಡಿಯನ್ನು ಒರೆಸಿಹಾಕುತ್ತದೆ, ಚುಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆ. ಈ ಶೋಧಕಕ್ಕೆ ಜಗತ್ತು ಇವತ್ತಿಗೂ ಇಬ್ಬರ ಹೆಸರನ್ನೂ ಕೂಡಿಸಿ ‘ರಾಮ್-ಲ್ಯಾಕ್’ ಎನ್ನುತ್ತದೆ. ಸಿ.ಟಿ. ಚಿತ್ರ ಕಟ್ಟುವ ತಂತ್ರಾಂಶಗಳಲ್ಲಿ ಈ ಹೆಸರು ಸಾಮಾನ್ಯ. ನಮ್ಮ ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಲಗಿದ ರೋಗಿಗೂ, ಕಲ್ಲಿನಲ್ಲಿ ಮಲಗಿದ ಪಾಚಿಗೂ ಒಂದೇ ಲೆಕ್ಕ.

1984ರಲ್ಲಿ ಗ್ಲೆನ್ ಕಾನ್ರಾಯ್ ಮತ್ತು ಮೈಕೆಲ್ ವ್ಯಾನಿಯರ್ ಕಲ್ಲು ತುಂಬಿದ ಒಂದು ಸಸ್ತನಿ ಬುರುಡೆಯ ಒಳಗನ್ನು ಆಸ್ಪತ್ರೆಯ ಸಿ.ಟಿ. ವಿಧಾನದಿಂದಲೇ ತೆರೆದು ತೋರಿಸಿದರು. ಬುರುಡೆಗೆ ಅದು ಸಾಕು. ವಿಂಧ್ಯದ ಕಲ್ಲಿಗೆ ಸಾಲದು. ಆಜ್ಮಿ ತೋರಿಸಿದ ವಸ್ತುಗಳು ತಲೆಗೂದಲ ಅಗಲದ ಲೆಕ್ಕದವು. ಜೊತೆಗೆ ಅಲ್ಲಿ ಪಳೆಯುಳಿಕೆಯೂ ಫಾಸ್ಫೇಟ್, ಅದನ್ನು ಸುತ್ತಿದ್ದೂ ಫಾಸ್ಫೇಟ್. ಎರಡೂ ಎಕ್ಸ್‌ಕಿರಣವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೀರುತ್ತವೆ, ನೆರಳಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಸಿಂಕ್ರೊಟ್ರಾನ್. ಬೆಳಕಿನ ವೇಗದ ಹತ್ತಿರಕ್ಕೆ ಓಡುವ ಎಲೆಕ್ಟ್ರಾನುಗಳನ್ನು ಆಯಸ್ಕಾಂತಗಳಿಂದ ಬಗ್ಗಿಸಿ ದೊಡ್ಡ ಉಂಗುರದಲ್ಲಿ ಸುತ್ತಿಸುತ್ತಾರೆ. ಪ್ರತಿ ತಿರುವಿನಲ್ಲೂ ಅವು ಅತಿ ಪ್ರಖರವಾದ, ಶಿಸ್ತಾಗಿ ಸಾಗುವ ಎಕ್ಸ್‌ಕಿರಣ ಚಿಮ್ಮಿಸುತ್ತವೆ. ಸ್ವಿಟ್ಜರ್ಲೆಂಡಿನ ಫಿಲ್ಲಿಗೆನ್ ಊರಿನ ಇಂಥ ಉಂಗುರದ ಸುತ್ತಳತೆ 288 ಮೀಟರ್. ಈ ಕಿರಣದ ಗುಣ ತಿಳಿಯಲು ನೀರಿಗೆ ಒಂದು ಗಾಜಿನ ಬಳೆ ಹಾಕಿ ನೋಡಿ. ಗಾಜೂ ಪಾರದರ್ಶಕ, ನೀರೂ ಪಾರದರ್ಶಕ, ಆದರೂ ಬಳೆಯ ಅಂಚು ಕಾಣುತ್ತದೆ. ಏಕೆಂದರೆ ಬೆಳಕು ಅಲ್ಲಿ ಹೀರಲ್ಪಡದಿದ್ದರೂ ತುಸು ಬಾಗುತ್ತದೆ. ಸಿಂಕ್ರೊಟ್ರಾನಿನ ಎಕ್ಸ್‌ಕಿರಣವೂ ಫಾಸ್ಫೇಟಿನೊಳಗಿನ ಫಾಸ್ಫೇಟ್ ಗೋಡೆಯ ಬಳಿ ಹೀಗೆಯೇ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗುವಿಕೆ ಹಿಡಿದರೆ ಕೋಶದ ಗೋಡೆ ಕಾಣುತ್ತದೆ. ಅಳತೆಯ ಸೂಕ್ಷ್ಮತೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಸ್ಟಾಕ್‌ಹೋಮಿನ ನಿಸರ್ಗ ಚರಿತ್ರೆ ಸಂಗ್ರಹಾಲಯದ ಸ್ಟೆಫಾನ್ ಬೆಂಗ್ಟ್‌ಸನ್ ತಂಡ ಚಿತ್ರಕೂಟದ ಸುತ್ತಲಿನ ತಿರೋಹನ್ ಡಾಲೊಮೈಟ್ ಎಂಬ ವಿಂಧ್ಯದ ಪದರದಿಂದ ಹೊಸದಾಗಿ ಕಲ್ಲು ಸಂಗ್ರಹಿಸಿತು. ರಾಮ ವನವಾಸದಲ್ಲಿ ನೆಲೆಸಿದ್ದನೆಂದು ಜನ ನಂಬುವ ಅದೇ ಚಿತ್ರಕೂಟ. ಕಲ್ಲನ್ನು ನೀರು ಬೆರೆಸಿದ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನ ಹುಳಿಯಲ್ಲಿ ನೆನೆಸಿದರೆ ಡಾಲೊಮೈಟ್ ಕರಗಿ ಹೋಗುತ್ತದೆ, ಫಾಸ್ಫೇಟ್ ಕಣಗಳು ತಳದಲ್ಲಿ ಉಳಿಯುತ್ತವೆ. ಆರಿಸಿದ ಕಣವನ್ನು ಸೂಜಿಯಂಥ ಕಡ್ಡಿಯ ತುದಿಗೆ ಅಂಟಿಸಿ, ಕಿರಣದ ಎದುರು ಅಷ್ಟಷ್ಟೇ ತಿರುಗಿಸುತ್ತ ಸಾಲುಸಾಲಾಗಿ ನೆರಳು ತೆಗೆಯುತ್ತಾರೆ. ಉಳಿದದ್ದು ಲೆಕ್ಕದ ಕೆಲಸ.

ಫಲಿತಾಂಶ ಎರಡು ಕಂತಿನಲ್ಲಿ ಬಂತು. 2009ರ ಪ್ರಬಂಧ ಮೂರು ವಿಷಯ ಹೇಳಿತು. ಆಜ್ಮಿ ಕಂಡ ವಸ್ತುಗಳು ಆ ಕಲ್ಲಿನಲ್ಲಿ ನಿಜಕ್ಕೂ ಇವೆ. ಆದರೆ ಅವು ಕೇಂಬ್ರಿಯನ್ ಯುಗದವಲ್ಲ. ಪಳೆಯುಳಿಕೆ ಇರುವ ಅದೇ ಫಾಸ್ಫೇಟನ್ನು ಸೀಸದ ಐಸೊಟೋಪುಗಳಿಂದ ಅಳೆದಾಗ ವಯಸ್ಸು 165 ಕೋಟಿ ವರ್ಷ ಬಂತು, ಹೆಚ್ಚುಕಡಿಮೆಯ ಮಿತಿ 8.9 ಕೋಟಿ. ಹಾಗಾಗಿ ವರದಿ ಮಾಡಿದವರೂ ಅನುಮಾನಿಸಿದವರೂ ಅರ್ಧರ್ಧ ಸರಿ. ಹತ್ತು ವರ್ಷ ಅನುಮಾನದ ನೆರಳಲ್ಲಿದ್ದ ಒಬ್ಬ ಸಂಶೋಧಕನ ಪ್ರಾಮಾಣಿಕತೆಗೆ ಎಕ್ಸ್‌ಕಿರಣ ಸಾಕ್ಷಿ ನುಡಿಯಿತು. ನನಗೆ ಇದು ಪಳೆಯುಳಿಕೆಯಷ್ಟೇ ದೊಡ್ಡ ಸಂಗತಿ.

ಮೂರನೆಯದು ಇನ್ನೂ ಸ್ವಾರಸ್ಯದ್ದು. ಆ ಕಲ್ಲಿನಲ್ಲಿ ಪುಟ್ಟ ಗೋಲಿಗಳಂಥ ವಸ್ತುಗಳಿದ್ದವು, ಮೈಮೇಲೆ ಬಹುಭುಜಗಳ ವಿನ್ಯಾಸವಿತ್ತು. 1998ರಲ್ಲೇ ಚೀನಾದ ದೌಷಾಂತುವೊ ಫಾಸ್ಫೇಟಿನಿಂದ ಇಂಥದೇ ಗೋಲಿಗಳು ಸಿಕ್ಕಿ, ಅವು ಪ್ರಾಣಿಗಳ ಭ್ರೂಣ ಎಂದು ದೊಡ್ಡ ಸುದ್ದಿಯಾಗಿತ್ತು. ಹಾಗಾದರೆ ವಿಂಧ್ಯದಲ್ಲೂ ಭ್ರೂಣಗಳೇ? ಅಲ್ಲ ಎಂದಿತು ಈ ಅಧ್ಯಯನ. ಅವು ಗಾಳಿಗುಳ್ಳೆಗಳು. ಮಧ್ಯಾಹ್ನದ ಬಿಸಿಲಿಗೆ ಕಲ್ಯಾಣಿಯ ಮೆಟ್ಟಿಲ ಪಾಚಿ ನೋಡಿದ್ದೀರಾ? ಲೋಳೆಯಲ್ಲಿ ಸಿಕ್ಕಿಕೊಂಡ ಪುಟ್ಟ ಪುಟ್ಟ ಗುಳ್ಳೆಗಳು ಹೊಳೆಯುತ್ತಿರುತ್ತವೆ. ನೀಲಿಹಸಿರು ಪಾಚಿಯ ಲೋಳೆಯಲ್ಲಿ ಸಿಕ್ಕಿದ ಅಂಥ ಗುಳ್ಳೆಗಳೇ ಫಾಸ್ಫೇಟಾಗಿ ಗಟ್ಟಿಯಾಗಿ ನಿಂತಿದ್ದವು. 160 ಕೋಟಿ ವರ್ಷದ ಹಿಂದಿನ ಒಂದು ಬಿಸಿಲ ಹೊತ್ತಿನ ಗಾಳಿಗುಳ್ಳೆ! ಭ್ರೂಣ ಕೈತಪ್ಪಿತು ಎಂದು ನನಗೆ ಬೇಸರವಾಗಲಿಲ್ಲ. ಇನ್ನು ಚೀನಾದ ಭ್ರೂಣಗಳು. ಅವುಗಳೊಳಗಿನ ಕೋಶಕೇಂದ್ರದಂಥ ರಚನೆಗಳನ್ನು 2011ರಲ್ಲಿ ಸಿಂಕ್ರೊಟ್ರಾನಿನಲ್ಲೇ ನೋಡಿದ ಒಂದು ತಂಡ ಅವೂ ಪ್ರಾಣಿಗಳಲ್ಲ, ಬೀಜಕೋಶದಂತೆ ಮೈಮುಚ್ಚಿಕೊಂಡ ಏಕಕೋಶ ಜೀವಿಗಳ ಬಳಗದವು ಎಂದು ವಾದಿಸಿತು.

ಎರಡನೆಯ ಕಂತು 2017ರಲ್ಲಿ. ಈ ಸಲ ಕಣ್ಣಿಗೆ ಬಿದ್ದದ್ದು ಸಾಲಾಗಿ ಪೋಣಿಸಿದ ದೊಡ್ಡ ಕೋಶಗಳ ಎಳೆ. ಪ್ರತಿ ಕೋಶದ ನಡುಮಧ್ಯದಲ್ಲಿ ವಜ್ರಾಕೃತಿಯ ಒಂದು ಬಿಲ್ಲೆ ತೂಗುಹಾಕಿದ ಹಾಗೆ ನಿಂತಿದೆ. ಎರಡು ಕೋಶಗಳ ನಡುವಿನ ಗೋಡೆಯಲ್ಲಿ ಬಿರಡೆ ಹಾಕಿದಂಥ ಒಂದು ರಚನೆ. ಇಂದಿನ ಕೆಂಪು ಪಾಚಿಗಳ ಕೋಶಗಳ ನಡುವೆ ಅಂಥ ಬಿರಡೆಗಳಿವೆ. ಕೋಶದೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಲು ನೆರವಾಗುವ ಪೈರಿನಾಯ್ಡ್ ಎಂಬ ಪ್ರೊಟೀನಿನ ಗಂಟೂ ಕೆಲವು ಪಾಚಿಗಳಲ್ಲಿದೆ. ಬಿಲ್ಲೆ ಆ ಗಂಟೇ ಇರಬೇಕು, ಇದು ಬಹುಶಃ ಕೆಂಪು ಪಾಚಿ ಎಂದು ತಂಡ ತೀರ್ಮಾನಿಸಿತು. ಹೆಸರಿಟ್ಟದ್ದು ರಫತಾಜ್ಮಿಯಾ ಚಿತ್ರಕೂಟೆನ್ಸಿಸ್. ಮೊದಲು ಕಂಡವರ ಹೆಸರು, ಕಂಡ ಊರಿನ ಹೆಸರು, ಎರಡೂ ಅದರಲ್ಲಿವೆ. ಅದರ ಜೊತೆಗೆ ಸಿಕ್ಕ ಹಾಲೆಹಾಲೆಯಾದ ಇನ್ನೊಂದು ಪಾಚಿ ರಾಮಥಾಲಸ್. ಅದಕ್ಕೂ ಮೊದಲು ಎಲ್ಲರೂ ಒಪ್ಪಿದ್ದ ಅತಿ ಹಳೆಯ ಕೆಂಪು ಪಾಚಿ ಕೆನಡಾದ ಬಾಂಗಿಯೊಮಾರ್ಫಾ. ಆಗಿನ ಲೆಕ್ಕದಲ್ಲಿ ಅದರ ವಯಸ್ಸು 120 ಕೋಟಿ ವರ್ಷ. ಚಿತ್ರಕೂಟದ ಪಾಚಿ ಅದಕ್ಕಿಂತ 40 ಕೋಟಿ ವರ್ಷ ಹಿರಿಯದು. ಬಹುಕೋಶ ಸಸ್ಯಬಾಳು ಅಷ್ಟು ಬೇಗ ಶುರುವಾಗಿತ್ತು ಎಂಬುದಕ್ಕೆ ಭಾರತದ ನೆಲ ಸಾಕ್ಷಿ ಕೊಟ್ಟಿತು.

ಅಗಸ್ತ್ಯನಿಗೆ ಬಾಗಿದ ವಿಂಧ್ಯ ಮತ್ತೆ ಏಳಲಿಲ್ಲ ಎಂಬ ಕಥೆ ನಮಗೆಲ್ಲ ಗೊತ್ತು. ಭೂವಿಜ್ಞಾನವೂ ಅದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: ಹಿಮಾಲಯದ ಪದರಗಳಂತೆ ಮಡಚಿ, ಹಿಂಡಿ, ಬೇಯದೆ ವಿಂಧ್ಯದ ಪದರಗಳು ಬಹುಮಟ್ಟಿಗೆ ಚಪ್ಪಟೆಯಾಗಿಯೇ ಮಲಗಿವೆ. ಕೊಳೆಯುವ ಮೊದಲೇ ಫಾಸ್ಫೇಟ್ ಒಳಹೊಕ್ಕದ್ದರಿಂದ ಕೋಶ ದುಂಡಗೆ ಉಳಿಯಿತು, ಮೇಲಿನ ಪದರಗಳು ಅದನ್ನು ನುಗ್ಗುಮಾಡಲಿಲ್ಲ. ಮೂರು ಆಯಾಮದ ಚಿತ್ರ ತೆಗೆಯಲು ಮೂರು ಆಯಾಮ ಉಳಿದಿರಬೇಕಲ್ಲ.

ಚಿತ್ರ ಎಂದ ಕೂಡಲೇ ಒಂದು ಎಚ್ಚರಿಕೆ ಹೇಳಬೇಕು. ಬಣ್ಣ ಬಳಿದು ತಿರುಗಿಸಿ ತೋರಿಸುವ ಡಿಜಿಟಲ್ ರೂಪ ನೋಡುವವರ ಮನಸ್ಸನ್ನು ಸುಲಭವಾಗಿ ಗೆಲ್ಲುತ್ತದೆ. ಆದರೆ ಯಂತ್ರ ಕೊಡುವುದು ಬೂದುಬಣ್ಣದ ಕೋಟಿಗಟ್ಟಲೆ ಘನಚುಕ್ಕಿಗಳು ಮಾತ್ರ. ಇಲ್ಲಿಗೆ ಗೋಡೆ ಮುಗಿಯಿತು, ಇಲ್ಲಿಂದ ಖನಿಜ ಶುರು ಎಂದು ಗೆರೆ ಎಳೆಯುವವನು ಮನುಷ್ಯ. ಅಥವಾ ಮನುಷ್ಯ ಕಲಿಸಿಕೊಟ್ಟ ತಂತ್ರಾಂಶ. ಇಬ್ಬರು ಎರಡು ಬಗೆಯಾಗಿ ಎಳೆಯಬಹುದು. ಆದ್ದರಿಂದ ಈ ವಿದ್ಯೆಯ ನಿಜವಾದ ಬಲ ಅಂದದ ಚಿತ್ರದಲ್ಲಿಲ್ಲ. ಕಣ ಮುಕ್ಕಾಗದೆ ಉಳಿದಿದೆ, ಚುಕ್ಕಿಗಳ ಕಡತವೂ ಉಳಿದಿದೆ, ನಂಬದವನು ಎರಡನ್ನೂ ಮತ್ತೆ ತೆರೆದು ನೋಡಬಹುದು. ಸೊಲ್ಲಾಸರ ಮೇಣದ ಗೊಂಬೆಗೆ ಇದು ಸಾಧ್ಯವಿರಲಿಲ್ಲ.

ಬರೀ ಮೇಲ್ಮೈ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೂ ವಿಂಧ್ಯವೇ ಉದಾಹರಣೆ ಕೊಟ್ಟಿದೆ. 2020ರಲ್ಲಿ ಭೀಮ್‌ಬೇಟ್ಕಾ ಗುಹೆಯ ಗೋಡೆಯ ಮೇಲೆ ಎಲೆಯಂಥ ಆಕಾರವೊಂದನ್ನು ಕಂಡ ತಂಡ ಅದನ್ನು ಎಡಿಯಾಕರನ್ ಯುಗದ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಎಂದು ಗುರುತಿಸಿತು. ಮುಂದೆ ಜೋಸೆಫ್ ಮೀರ್ಟ್ ತಂಡ ಹೋಗಿ ನೋಡಿದಾಗ ಆ ‘ಪಳೆಯುಳಿಕೆ’ಯ ಭಾಗಗಳು ಗೋಡೆಯಿಂದ ಕಿತ್ತುಬರುತ್ತಿದ್ದವು. 2023ರಲ್ಲಿ ಅವರು ಪ್ರಕಟಿಸಿದ ತೀರ್ಮಾನ: ಅದು ಹೆಜ್ಜೇನು ಕಟ್ಟಿ ಬಿಟ್ಟುಹೋದ ಗೂಡಿನ ಗುರುತು. ಮೊದಲ ತಂಡದ ಮುಖ್ಯಸ್ಥ ಗ್ರೆಗರಿ ರಿಟಾಲ್ಯಾಕ್ ಅದನ್ನು ಒಪ್ಪಿಕೊಂಡರು.

ಮತ್ತೆ ಜಾದವ್‌ಪುರದವರ ಚೋರ್ಹಟ್ ಕಲ್ಲಿಗೆ ಬರೋಣ. ಆ ಗೆರೆಗಳು ಬಿಲವೋ ಬಿರುಕೋ? ಕೆರೆಯ ಅಂಗಳ ಒಣಗಿದಾಗ ಕೆಸರು ಬಿರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಮರಳಿನ ಮೇಲೆ ಪಾಚಿಯ ಹಾಸು ಕವಿದಿದ್ದರೆ ಬಿರುಕಿನ ರೂಪವೇ ಬೇರೆ. ಹಾಸು ಚರ್ಮದಂತೆ ಮುದುಡುತ್ತದೆ, ಬಿರುಕುಗಳು ನೇರವಾಗಿರದೆ ಬಳುಕುತ್ತವೆ, ಅವುಗಳೊಳಗೆ ಮರಳು ತುಂಬಿ ಗಟ್ಟಿಯಾದರೆ ಥೇಟ್ ಹುಳುವಿನ ಜಾಡು. ಮಂಚೂರಿಯಾದಲ್ಲಿ ಸಿಕ್ಕ ಇಂಥ ಬಳುಕುವ ಬಿರುಕುಗಳನ್ನು 1930ರ ದಶಕದಲ್ಲಿ ಪಾಚಿಯ ಪಳೆಯುಳಿಕೆ ಎಂದು ಭಾವಿಸಿ ಮಂಚೂರಿಯೊಫೈಕಸ್ ಎಂದು ಜೀವಿಯ ಹೆಸರನ್ನೇ ಇಟ್ಟಿದ್ದರು. ಸುಬೀರ್ ಸರ್ಕಾರ್ ಮತ್ತು ಸಂಗಡಿಗರು 2006ರಲ್ಲಿ ಚೋರ್ಹಟ್ ಕಲ್ಲಿನ ಮೇಲೆ ಪಾಚಿಹಾಸು ಮೂಡಿಸಿದ ಸುಕ್ಕು, ಬಿರುಕು, ಉಬ್ಬುಗಳನ್ನು ವಿವರವಾಗಿ ಪಟ್ಟಿ ಮಾಡಿದರು. 160 ಕೋಟಿ ವರ್ಷದ ಹಿಂದೆ ಹುಳುಗಳಿದ್ದವೆಂದು ಇವತ್ತು ಬಹುಪಾಲು ಪಳೆಯುಳಿಕೆ ವಿಜ್ಞಾನಿಗಳು ಒಪ್ಪುವುದಿಲ್ಲ. ನನ್ನ ತೀರ್ಪೂ ಅದೇ. ಆದರೆ 1998ರ ಆ ಪ್ರಬಂಧ ಇಲ್ಲದಿದ್ದರೆ ಪಾಚಿಹಾಸುಗಳನ್ನು ಬಹುಶಃ ಇಷ್ಟು ಆಸ್ಥೆಯಿಂದ ಜಗತ್ತು ನೋಡುತ್ತಿರಲಿಲ್ಲ.

ಬಿಲಕ್ಕೂ ಬಿರುಕಿಗೂ ಭೇದ ಇರುವುದು ಆಳದಲ್ಲಿ. ಬಿಲ ದುಂಡಗೆ, ಉದ್ದಕ್ಕೂ ಒಂದೇ ಅಗಲವಾಗಿ ಸಾಗುತ್ತದೆ, ಪದರವನ್ನು ಪಕ್ಕಕ್ಕೆ ಸರಿಸುತ್ತದೆ. ಬಿರುಕು ಕೆಳಗಿಳಿದಂತೆ ಕಿರಿದಾಗುತ್ತದೆ, ಎರಡು ತುದಿಯಲ್ಲೂ ಮೊನಚಾಗುತ್ತದೆ. ಅಗಲವಾದ ಚಪ್ಪಡಿಯನ್ನು ಸಿ.ಟಿ.ಯಲ್ಲಿ ನೋಡುವುದು ಕಷ್ಟ: ದಪ್ಪದ ದಿಕ್ಕಿನಲ್ಲಿ ಕಿರಣ ಸುಲಭವಾಗಿ ಹಾಯುತ್ತದೆ, ಅಗಲದ ದಿಕ್ಕಿನಲ್ಲಿ ಹಾಯುವುದೇ ಇಲ್ಲ. ಚಪ್ಪಡಿಗೆ ಒಗ್ಗುವುದು ಬೇರೆ ವಿದ್ಯೆ. ಝೈಲಾಕರ್ ಕಲ್ಲಿನ ಮೇಲೆ ರಬ್ಬರ್ ಹಾಲು ಸುರಿದು ಅಚ್ಚು ತೆಗೆದು, ಅದರಿಂದ ನಕಲು ಮಾಡಿ ಪ್ರದರ್ಶನ ಏರ್ಪಡಿಸುತ್ತಿದ್ದರು. ಇವತ್ತು ಆ ಅಚ್ಚನ್ನು ಕ್ಯಾಮೆರಾ ತೆಗೆಯುತ್ತದೆ. ಒಂದೇ ಕಲ್ಲನ್ನು ಹಲವು ಕೋನಗಳಿಂದ ಫೋಟೊ ತೆಗೆದು ಕೊಟ್ಟರೆ ತಂತ್ರಾಂಶ ಪ್ರತಿ ಚಿತ್ರದಲ್ಲೂ ಒಂದೇ ಬಿಂದುವನ್ನು ಹುಡುಕಿ, ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೆಯೇ ಅಳೆದು, ಉಬ್ಬುತಗ್ಗುಗಳ ಸಮೇತ ಮೇಲ್ಮೈಯನ್ನು ಕಟ್ಟಿಕೊಡುತ್ತದೆ. ಒಳಗು ಕಾಣುವುದಿಲ್ಲ. ಆದರೆ ಕಲ್ಲು ನಾಳೆ ಇಲ್ಲವಾದರೂ ಅದರ ಮೈ ಉಳಿಯುತ್ತದೆ.

ಕಲ್ಲು ಇಲ್ಲವಾಗುತ್ತಿದೆ ಎನ್ನುವುದು ಬರೀ ಮಾತಲ್ಲ. ಸೋನ್ ಕಣಿವೆಯ ವಿಂಧ್ಯ ಸುಣ್ಣಗಲ್ಲು ಸಿಮೆಂಟಿನ ಗಣಿಗಳಿಗೆ ಹೋಗುತ್ತಿದೆ. ನಮ್ಮ ಬಾಗಲಕೋಟೆ ಸೀಮೆಯ ಸುಣ್ಣಗಲ್ಲೂ ಹಾಗೆಯೇ. ಲೋಕಾಪುರದ ಸುತ್ತಲಿನ ಕಲಾದಗಿ ಡಾಲೊಮೈಟಿನಲ್ಲಿ ಸ್ಟ್ರೊಮಟೊಲೈಟುಗಳಿವೆ: ಪಾಚಿಹಾಸು ಪದರದ ಮೇಲೆ ಪದರ ಬೆಳೆದು ಕಲ್ಲಾದ ಗುಮ್ಮಟಗಳು. ಚಿತ್ರಕೂಟದ ರಫತಾಜ್ಮಿಯಾ ಸಿಕ್ಕಿದ್ದೂ ಇಂಥ ಗುಮ್ಮಟಗಳ ಒಡಲಲ್ಲೇ. ತುಮಕೂರಿನ ದೊಡ್ಡಗುಣಿಯಲ್ಲಿ ಇವಕ್ಕಿಂತಲೂ ಎಷ್ಟೋ ಹಳೆಯ ಸ್ಟ್ರೊಮಟೊಲೈಟುಗಳಿವೆ. ಸಿಂಕ್ರೊಟ್ರಾನಿಗಾಗಿ ಸ್ವಿಟ್ಜರ್ಲೆಂಡಿಗೇ ಹೋಗಬೇಕೆಂದಿಲ್ಲ. ಇಂದೋರಿನಲ್ಲಿ ಇಂಡಸ್-2 ಇದೆ, ಅದರಲ್ಲಿ ಚಿತ್ರ ತೆಗೆಯಲೆಂದೇ ಮೀಸಲಾದ ಕಿರಣದ ಸಾಲೂ ಇದೆ.

ನೀವು ಲೋಕಾಪುರದ ಅಥವಾ ದೊಡ್ಡಗುಣಿಯ ಕಡೆಯವರಾದರೆ, ಅಥವಾ ಆ ಕಡೆ ಹೋದರೆ, ಹೊಲದ ಬದುವಿನಲ್ಲೋ ಹಳ್ಳದ ಅಂಚಿನಲ್ಲೋ ಎಲೆಕೋಸನ್ನು ಸೀಳಿದಂತೆ ಪದರಪದರವಾಗಿ ಕಾಣುವ ಕಲ್ಲು ಕಣ್ಣಿಗೆ ಬಿದ್ದೀತು. ದಯವಿಟ್ಟು ಅದನ್ನು ಕೀಳಬೇಡಿ, ಒಡೆಯಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಸುತ್ತ ನಿಧಾನವಾಗಿ ನಡೆಯುತ್ತ, ಒಂದು ಚಿತ್ರ ಇನ್ನೊಂದನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚುವಂತೆ ಮೊಬೈಲಿನಲ್ಲಿ ಐವತ್ತು ಅರುವತ್ತು ಫೋಟೊ ತೆಗೆಯಿರಿ. ಜಾಗದ ಗುರುತು ಬರೆದುಕೊಳ್ಳಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅದನ್ನು ತಲುಪಿಸಿ.